ಎಲ್ಲಿಗೆ ಅಂತ ಕೇಳಬ್ಯಾಡ್ರಿ

ಸಿದ್ದೇಶ ಬೇವೂರಿನಲ್ಲಿ ಹುಟ್ಟಿ, ಏಳನೇ ತರಗತಿಯವರೆಗೆ ಅಲ್ಲೇ ಮಣ್ಣಾಡಿ ಬೆಳೆದವನು. ಆಮೇಲೆ ಅಪ್ಪ ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ, ಇವನೂ ಅಲ್ಲಿಯವನೇ ಆದ. ಇಪ್ಪತ್ತು ವರ್ಷ ಊರಿನ ಕಡೆ ತಲೆ ಹಾಕಲಿಲ್ಲ, ಪುಣ್ಯಾತ್ಮ. ಈಗ ಬಂದದ್ದಾದರೂ ಊರಿನ ಮೇಲಿನ ಪ್ರೀತಿಯಿಂದಲ್ಲ. ಹೆಣ್ಣು ನೋಡಲು ಹೋಗಬೇಕಿತ್ತು, ಅದಕ್ಕೆ ಸೋದರತ್ತೆ ಕಳಕಮ್ಮ ಜೊತೆಗೆ ಬೇಕಿತ್ತು. ಅವಳಿಲ್ಲದೆ ಅವರ ಮನೆತನದಲ್ಲಿ ಒಂದು ಮದುವೆಯ ಮಾತೂ ನಡೆದದ್ದಿಲ್ಲ.

ಹೆಣ್ಣು ಕುಷ್ಟಗಿಯ ಅನುಷಾ. ಅವಳಿಗಿಂತ ಮೊದಲು ನಾಲ್ಕು ಮನೆಯವರು ಸರ್ಕಾರಿ ನೌಕರಿ ಇಲ್ಲವೆಂದು ಇವನಿಗೆ ಬರೀ ಚಹಾ ಕುಡಿಸಿ ಕಳಿಸಿದ್ದರು. ಅನುಷಾ ಎಂಟು ದಿನದಿಂದ ಫೋನಿನಲ್ಲಿ ನಗುನಗುತ್ತ ಮಾತಾಡಿದ್ದಳು, ಸಿದ್ದೇಶನ ಮನಸ್ಸಿನಲ್ಲಿ ಕೂತೇಬಿಟ್ಟಿದ್ದಳು. ಆದರೆ ಅವಳ ಅಪ್ಪ ಕುಬೇರಪ್ಪ ಖಡಕ್ ಮನುಷ್ಯ. "ಹನ್ನೆರಡರೊಳಗ ಬರ್ರಿ. ಮೂರಕ್ಕ ಇನ್ನೊಂದು ಗಂಡು ಬರೋದೈತಿ" ಎಂದು ಹೇಳಿ ಫೋನು ಇಟ್ಟಿದ್ದ.

ಒಂಬತ್ತೂವರೆಯ ಬಸ್ಸಿಗೆಂದು ಅತ್ತೆ ಇಳಕಲ್ ಸೀರೆ ಉಟ್ಟು, ಬಾಯಿಗೆ ಸಕ್ಕರೆ ಹಾಕಿಕೊಂಡು, ಬಲಗಾಲು ಹೊರಗಿಟ್ಟಳು. ಎದುರು ಮನೆಯ ಕಟ್ಟೆಯ ಮೇಲೆ ಕಿವಿ ಕೇಳದ ಹೊನ್ನೂರಪ್ಪಜ್ಜ ಕೂತಿದ್ದ.

"ಏ ಕಳಕವ್ವಾ, ಎಲ್ಲಿಗೆ ಹೊಂಟಿ?"

ಮುಗಿಯಿತು! ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, 'ದೂರ ಹೊಂಟೀರೇನು' ಎನ್ನಬೇಕು. ಕೇಳಿಸಿಕೊಂಡವರು ಹಿಂದಿರುಗಿ, ಕಾಲು ತೊಳೆದು, ನೀರು ಕುಡಿದು, ಹತ್ತು ನಿಮಿಷ ಕೂತು ಹೊಸದಾಗಿ ಹೊರಡಬೇಕು. ಅತ್ತೆ ಒಳಗೆ ಹೋಗಿ ಕೂತಳು. ಬಸ್ಸಿಗೇನು ಶಕುನ ಗೊತ್ತೇ? ಅದು ಹೋಯಿತು.

"ಅತ್ತಿ, ಅಂವಾ ಕಿವುಡ. ಅವನ ಮಾತು ಏನು ಹಿಡೀತಿ?"

"ಅಂವಾ ಕಿವುಡಿದ್ರ ನನಗ ಕೇಳಸ್ತಲ್ಲೋ ತಮ್ಮಾ!"

ಹತ್ತೂವರೆಯ ಬಸ್ಸಿಗೆ ಕಳ್ಳರ ಹಾಗೆ ಹಿತ್ತಲ ಬಾಗಿಲಿನಿಂದ ಹೊರಟರು. ಅಲ್ಲಿ ನೆರೆಮನೆಯ ಯಮನೂರಮ್ಮ ಭಾಂಡೆ ತಿಕ್ಕುತ್ತಿದ್ದಳು. ತಿಳಿದ ಹೆಣ್ಣುಮಗಳು, "ದೂರ ಹೊಂಟೀರೇನ್ರಿ?" ಎಂದಳು. ಸಿದ್ದೇಶನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅಷ್ಟಕ್ಕೇ ಬಾಯಿ ಮುಚ್ಚಬೇಕೋ ಬೇಡವೋ!

"ಆ ಹೊನ್ನೂರಪ್ಪಗ ಬುದ್ಧಿ ಐತೇನ್ರಿ? ಹೊಂಟೋರ್ನ ಯಾರರ 'ಎಲ್ಲಿಗೆ' ಅಂತ ಕೇಳ್ತಾರ?"

ಅತ್ತೆ ಗಕ್ಕನೆ ನಿಂತಳು.

"ಅಕಿ ನಮ್ಮನ್ನ ಕೇಳಿಲ್ಲ ಅತ್ತಿ! ಅವನ ಮಾತು ಹೇಳಿದ್ಲು!"

"ಹೆಂಗರ ಹೇಳ್ಲಿ, ಮಾತು ಬಿತ್ತಲ್ಲ."

ಮತ್ತೆ ಕಾಲು, ಮತ್ತೆ ನೀರು, ಮತ್ತೆ ಹತ್ತು ನಿಮಿಷ. ಪುಣ್ಯಕ್ಕೆ ಬಸ್ಸು ತಡವಾಗಿತ್ತು. ಈ ಸಲ ಸಿದ್ದೇಶ ಅತ್ತೆಯ ಎರಡೂ ಕಿವಿಗೆ ಹತ್ತಿ ತುರುಕಿ, ರಟ್ಟೆ ಹಿಡಿದು ಓಡಿಸಿಕೊಂಡು ಹೋಗಿ ಬಸ್ಸು ಹತ್ತಿಸಿದ. ಬಸ್ಸು ಊರು ದಾಟಿತು. ಗೆದ್ದೆ ಎಂದುಕೊಂಡ. ಕಂಡಕ್ಟರ್ ಬಂದು ಏನೋ ಕೇಳಿದ. ಅತ್ತೆ ಆಧಾರ್ ಕಾರ್ಡು ಮುಂದೆ ಹಿಡಿದು, "ಏನಂದಿ?" ಎನ್ನುತ್ತ ಕಿವಿಯ ಹತ್ತಿ ತೆಗೆದಳು.

"ಯವ್ವಾ, ಎಲ್ಲಿಗೆ ಅಂದೆ, ಎಲ್ಲಿಗೆ!"

ಪಾಪ, ಕಂಡಕ್ಟರ್ ಬೇರೆ ಏನು ಕೇಳಿಯಾನು? ಅತ್ತೆ ಹಳ್ಳದ ಹತ್ತಿರ ಬಸ್ಸು ನಿಲ್ಲಿಸಿ ಇಳಿದೇಬಿಟ್ಟಳು. ಹಿಂದೆಯೇ ಇಳಿದ ಸಿದ್ದೇಶನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಯಾವಾಗ್ಲೂ ಬಸ್ಸಿನ್ಯಾಗ ಕೇಳ್ತಾರಲ್ಲ ಅತ್ತಿ! ಅವಾಗೆಲ್ಲ ಇಳೀತೀ ಏನು?"

"ಅವಾಗೆಲ್ಲ ಸಂತಿಗೆ ಹೋಗ್ತೀನಿ, ಬದನಿಕಾಯಿ ತರಾಕ. ಇವತ್ತ ಸೊಸಿ ತರಾಕ ಹೊಂಟೀನೋ! ನಿನ್ನ ಬಾಳೇವು ಕೆಟ್ರ ಹೆಂಗೋ ನನ್ನಪ್ಪಾ?"

ಅತ್ತೆಯ ಕಣ್ಣು ತುಂಬಿದ್ದವು. ಸಿದ್ದೇಶ ಅವಳ ಕೈ ಹಿಡಿದು ಊರಿನ ಕಡೆ ತಿರುಗಿದ. ನಡೆದು ಮನೆ ಸೇರುವಷ್ಟರಲ್ಲಿ ಹನ್ನೆರಡಕ್ಕೆ ಕಾಲು ಗಂಟೆ ಬಾಕಿ. ಬಸ್ಸು ಕೆಟ್ಟಿತೆಂದು ಸುಳ್ಳು ಹೇಳೋಣವೆಂದೇ ಅನುಷಾಗೆ ಫೋನು ಮಾಡಿದ. ಬಾಯಿಗೆ ಬಂದದ್ದು ಮಾತ್ರ ನಿಜ. ಅಜ್ಜ, ಭಾಂಡೆ, ಹತ್ತಿ, ಕಂಡಕ್ಟರ್, ಎಲ್ಲ ಹೇಳಿ ಕೊನೆಗೆ, "ನಿಮ್ಮನ್ನ ಕಳಕೊಳ್ಳಾಕ ನನಗ ಮನಸಿಲ್ರಿ" ಎಂದೂ ಅಂದುಬಿಟ್ಟ.

ಆ ಕಡೆ ಒಬ್ಬ ಗಂಡಸು ಕೆಮ್ಮಿದ.

"ಫೋನ್ ಸ್ಪೀಕರಿಗೆ ಹಾಕಿದ್ದೆ ರೀ" ಎಂದಳು ಅನುಷಾ, ನಗು ತಡೆಯಲಾಗದೆ.

"ತಮ್ಮಾ" ಎಂದ ಕುಬೇರಪ್ಪ, "ನನ್ನ ಮದಿವಿಗೆ ಹೋಗಾಗ ನಮ್ಮವ್ವ ಮೂರು ಸಲ ದಿಬ್ಬಣ ಮನಿಗೆ ಹಿಂದಕ್ಕ ಹೊಳ್ಳಿಸಿದ್ಲು. ಅಕಿನ್ನ ನೆನಪು ಮಾಡಿದಿ ನೋಡು. ನಿಮ್ಮತ್ತಿ ಅಲ್ಲೇ ಕುಂದರ್ಲಿ, ನಾವ ಬರ್ತೀವಿ."

ಒಂದು ತಾಸಿನಲ್ಲಿ ಅವರ ಕಾರು ಓಣಿಗೆ ಬಂತು. ಅಷ್ಟರೊಳಗೆ ಸುದ್ದಿ ಹಬ್ಬಿ, ಓಣಿಯವರೆಲ್ಲ ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡು ನಿಂತಿದ್ದರು. ಒಬ್ಬರೂ ಪಿಟ್ಟೆನ್ನಲಿಲ್ಲ. ಹೊನ್ನೂರಪ್ಪಜ್ಜನಿಗೂ ಹತ್ತು ಮಂದಿ ಹೇಳಿದ್ದರು, ಆದರೆ ಅವನಿಗೆ ಕೇಳಿಸಿದ್ದರೆ ತಾನೇ! ಅನುಷಾ ಕಾರಿನಿಂದ ಇಳಿದಳು.

"ಎಲ್ಲಿಗೆ ಹೊಂಟೀಯವಾ ಮಗಳ?"

ಬಾಗಿಲಲ್ಲಿ ಅತ್ತೆ ಎದೆ ಹಿಡಿದುಕೊಂಡಳು. ಸಿದ್ದೇಶ ಕಣ್ಣು ಮುಚ್ಚಿದ. ಅನುಷಾ ಅಜ್ಜನ ಕಿವಿಯ ಹತ್ತಿರ ಬಗ್ಗಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು:

"ಹೊಂಟಿಲ್ಲ ಅಜ್ಜಾ, ಬಂದು ಮುಟ್ಟೀನಿ!"