ಭಾಗ್ಯಶ್ರೀ ಊದಿದ ಉಸಿರು

ಧನಲಕ್ಷ್ಮಿಗೆ ಉಬ್ಬಸ ಇರುವುದು ಲಗ್ಗೆರೆಯ ಅವಳ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಅವಳು ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ ಪೀಣ್ಯದ ಫ್ಯಾಕ್ಟರಿಗೆ ಮಾತ್ರ. ಗೊತ್ತಾಗದ ಹಾಗೆ ಅವಳೇ ನೋಡಿಕೊಂಡಿದ್ದಳು.

ಅಲ್ಲಿ ಕರೆಂಟಿನ ಪೆಟ್ಟಿಗೆಗಳಿಗೆ ಬಣ್ಣದ ಪುಡಿ ಹೊಡೆದು ಭಟ್ಟಿಯಲ್ಲಿ ಬೇಯಿಸುತ್ತಾರೆ. ಗಾಳಿಯ ತುಂಬ ಪುಡಿ. ಅದಕ್ಕೇ ವರ್ಷಕ್ಕೊಮ್ಮೆ ಅಂಗಳಕ್ಕೆ ಒಂದು ವ್ಯಾನು ಬಂದು ಕೆಲಸದವರ ಉಸಿರು ಅಳೆಯುತ್ತದೆ. ಕೊಳವೆಯನ್ನು ಬಾಯಿಗಿಟ್ಟು ಜೋರಾಗಿ ಊದಬೇಕು. ಊದಲಾರದವರನ್ನು ಅವರ ಆರೋಗ್ಯದ ದೃಷ್ಟಿಯಿಂದ ಕಾಯಂ ಕೆಲಸದಿಂದ ತೆಗೆದು, ಗುತ್ತಿಗೆಯ ಮೇಲೆ ಕೈಗೆ ಕಸಬರಿಕೆ ಕೊಡುತ್ತಾರೆ. ಎಂಥ ಕಾಳಜಿ ನೋಡಿ! ವ್ಯಾನಿನವರು ಹೊರಗಿನವರು. ಒಂದೇ ಥರದ ಟೋಪಿ, ಒಂದೇ ಥರದ ನೀಲಿ ಕೋಟು ತೊಟ್ಟ ಹೆಂಗಸರಲ್ಲಿ ಯಾರು ಯಾರೆಂದು ಅವರಿಗೇನು ಗೊತ್ತು? ಟೋಕನ್ ನಂಬರು ಕೂಗುತ್ತಾರೆ, ಅಷ್ಟೆ.

ಐದು ವರ್ಷ ಧನಲಕ್ಷ್ಮಿಯ ಟೋಕನ್ನಿಗೆ ಊದಿದವಳು ಪಕ್ಕದ ಮೆಷೀನಿನ ಭಾಗ್ಯಶ್ರೀ. ಕೊಪ್ಪಳದ ಕಡೆಯ ಹುಡುಗಿ, ಊದುಗೊಳವೆ ಹಿಡಿದು ಒಲೆ ಊದಿ ಬೆಳೆದ ಎದೆ. ತನ್ನದನ್ನು ಊದಿ, ಸಾಲಿನ ಹಿಂದಕ್ಕೆ ಹೋಗಿ ನಿಂತು, ಅಕ್ಕನದನ್ನೂ ಊದಿ ಬರುತ್ತಿದ್ದಳು. ಒಂದು ವರ್ಷವಂತೂ ಸುರಕ್ಷತಾ ಸಭೆಯಲ್ಲಿ, ದಪ್ಪ ಇದ್ದರೂ ಧನಲಕ್ಷ್ಮಿಯವರ ಶ್ವಾಸಕೋಶ ಹೇಗಿದೆ ನೋಡಿ ಕಲಿಯಿರಿ ಎಂದು ಚಪ್ಪಾಳೆ ಹೊಡೆಸಿದರು. ಇಬ್ಬರೂ ಕ್ಯಾಂಟೀನಿನ ಮೂಲೆಗೆ ಹೋಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕಿದ್ದಕ್ಕೇ ಧನಲಕ್ಷ್ಮಿಗೆ ಉಬ್ಬಸ ಹತ್ತಿಕೊಂಡಿತು.

ಎರಡು ಸಾವಿರದ ಹದಿನಾರರ ಚಳಿಗಾಲದಲ್ಲಿ ಆ ನಗು ನಿಂತಿತು. ಉಬ್ಬಸಕ್ಕೆಂದು ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಮಾತ್ರೆಯಿಂದ ಮೈ ಬಂದಿತ್ತು, ಮೈ ಬಂದಷ್ಟೂ ಉಬ್ಬಸ ಏರಿತ್ತು. ತೂಕ ಎಂಬತ್ತೇಳು ಕೇಜಿಗೆ ನಿಂತಿದ್ದಾಗ ಒಂದು ಬೆಳಿಗ್ಗೆ ಬಚ್ಚಲಲ್ಲಿ ತುಟಿ ನೀಲಿಗಟ್ಟಿ ಬಿದ್ದಳು. ಗಂಡ ತೀರಿಕೊಂಡ ಮನೆ. ಪಿಯುಸಿ ಓದುವ ಮಗಳು ಕಿರುಚಾಡಿ ಜನ ಸೇರಿಸಿ ಕದ ಮುರಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. "ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಆದ್ರೆ ತೂಕ ಇಳಿಯತ್ತೆ, ಉಸಿರೂ ಸುಧಾರಿಸತ್ತೆ. ಹೀಗೇ ಬಿಟ್ರೆ ಇನ್ನೊಂದು ಅಟ್ಯಾಕ್ ತಡ್ಕೊಳ್ಳಲ್ಲಮ್ಮ ನೀವು."

ಫ್ಯಾಕ್ಟರಿಯ ಇನ್ಶೂರೆನ್ಸಿನಲ್ಲಿ ಆಪರೇಷನ್ನಿಗೆ ಅವಕಾಶವಿತ್ತು, ನಿಯಮವೂ ಇತ್ತು. ಅವಳ ಎತ್ತರಕ್ಕೆ ತೂಕ ತೊಂಬತ್ತೇಳು ದಾಟಿದ್ದರೆ ಬೇರೇನೂ ಕೇಳುವುದಿಲ್ಲ. ಅದಕ್ಕಿಂತ ಕಡಿಮೆಯಿದ್ದರೆ ಜೊತೆಗೊಂದು ಕಾಯಿಲೆ ಇರಬೇಕು, ಎರಡು ವರ್ಷದ ದಾಖಲೆಯೂ ಇರಬೇಕು. "ನಿಮಗೆ ಅಸ್ತಮಾ ಇದೆಯಲ್ಲ, ಸಿಕ್ಕೇ ಸಿಗತ್ತೆ" ಎಂದರು ಡಾಕ್ಟರಮ್ಮ. ಹಾಳು ಉಬ್ಬಸ ಕೊನೆಗೂ ಒಂದು ಉಪಕಾರ ಮಾಡಿತಲ್ಲ ಎಂದು ಧನಲಕ್ಷ್ಮಿ ಹಿಗ್ಗಿದಳು.

ಹಿಗ್ಗು ಹದಿನೈದು ದಿನ ಇತ್ತು. ಸುದ್ದಿ ಫ್ಯಾಕ್ಟರಿಗೆ ಮುಟ್ಟಬಾರದೆಂದು ಅವಳು ಇಷ್ಟು ವರ್ಷವೂ ಇನ್ಹೇಲರು, ಮಾತ್ರೆಗಳನ್ನು ಚೀಟಿಯಿಲ್ಲದೆ ಮೂಲೆಯ ಮೆಡಿಕಲ್ ಸ್ಟೋರಿನಲ್ಲೇ ಕೊಂಡಿದ್ದಳು. ಆಸ್ಪತ್ರೆ ಸೇರುವುದಕ್ಕೆ ಮೊದಲಿನ ಒಂದು ಚೀಟಿಯೂ ಇರಲಿಲ್ಲ. ಇದ್ದ ಕಾಗದಗಳೆಂದರೆ ವ್ಯಾನಿನ ಐದು ರಿಪೋರ್ಟು, ಐದರಲ್ಲೂ ಉಸಿರು ಅತ್ಯುತ್ತಮ. ಅರ್ಜಿ ತಿರುಗಿ ಬಂತು. ಮಾಡಿದ್ದುಣ್ಣೋ ಮಹರಾಯ.

"ನಿಜ ಹೇಳಿಬಿಡ್ರಿ ಅಕ್ಕಾ" ಎಂದಳು ಭಾಗ್ಯಶ್ರೀ. "ಭಾಗ್ಯಶ್ರೀನ ಊದ್ಯಾಳ ಅನ್ರಿ. ನಿಮ್ಮ ಜೀವಕ್ಕಿಂತ ಕೆಲಸ ದೊಡ್ಡದೇನ್ರಿ?" ಅವಳು ಕಾಯಂ ಆಗಿ ಇನ್ನೂ ಎರಡೇ ತಿಂಗಳಾಗಿತ್ತು. ಆ ಧೈರ್ಯದ ಮೇಲೆ ಊರಿಂದ ಅವ್ವ ಮುದುಕವ್ವನನ್ನು ಕರೆತಂದು ಇಲ್ಲೇ ಒಂದು ರೂಮು ಹಿಡಿದಿದ್ದಳು. ಬಾಯಿ ಧೈರ್ಯ ಹೇಳುತ್ತಿತ್ತು, ಬೆರಳು ಮಾತ್ರ ಐಡಿ ಕಾರ್ಡಿನ ದಾರವನ್ನು ಸುತ್ತಿ ಸುತ್ತಿ ಬಿಚ್ಚುತ್ತಿತ್ತು.

ಮರುದಿನ ಎಚ್ಆರ್ ಬಾಲಾಜಿ ಕರೆಸಿದರು. ಕೆಟ್ಟವರಲ್ಲ. ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಅವಳು ಎರಡು ಮಹಡಿ ಹತ್ತಿ ಬಂದ ಏದುಸಿರು ಇಳಿಯುವವರೆಗೂ ಕಾದರು.

"ಮೇಡಂ, ಇದೆಲ್ಲ ನೀವೇ ಊದಿದ್ದಾ? ಬೇರೆ ಯಾರಾದ್ರೂ ಊದಿದ್ರೆ ಈಗ್ಲೇ ಹೇಳ್ಬಿಡಿ. ರಿಪೋರ್ಟ್ ಕ್ಯಾನ್ಸಲ್ ಮಾಡಿ ಇನ್ಶೂರೆನ್ಸ್‌ನವ್ರಿಗೆ ನಾನೇ ಬರೀತೀನಿ. ಆಪರೇಷನ್ ಮುಗಿಯೋವರ್ಗೂ ನಿಮ್ಮ ಕೆಲ್ಸಕ್ಕೆ ಏನೂ ಆಗಲ್ಲ."

"ಊದಿದವ್ರಿಗೆ?"

"ಅವ್ರನ್ನ ಬಿಡಕ್ಕಾಗಲ್ಲ. ಅವತ್ತೇ ಮನೆಗೆ."

ಅತ್ತ ದರಿ, ಇತ್ತ ಪುಲಿ. ಧನಲಕ್ಷ್ಮಿಗೆ ಬದುಕುವ ಆಸೆಯೇನು ಕಡಿಮೆ ಇರಲಿಲ್ಲ. ಮಗಳ ಮುಖ ಕಣ್ಣೆದುರು ಬಂತು; ಹೇಳಿಬಿಡಲೆಂದು ಬಾಯಿಯನ್ನೂ ತೆರೆದಳು. ಹೆಸರು ಹೊರಡಲಿಲ್ಲ. ಅದಕ್ಕೆ ಉಬ್ಬಸ ಕಾರಣವಲ್ಲ.

"ನಾನೇ ಸಾರ್ ಊದಿದ್ದು" ಎಂದು ತೋರಿಸಿದ ಕಡೆ ಸಹಿ ಹಾಕಿದಳು.

ಸಂಜೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಒಂದೇ ಒಂದು ಮಾತು ಕೇಳಿದಳು. ಆ ಕಡೆಯಿಂದ ಸಿಡುಕಿದ ದನಿ ಬಂತು: "ತೊಂಬತ್ತೇಳಾ? ಹುಚ್ಚಾ ನಿಮಗೆ! ಇನ್ನೊಂದು ಕೇಜಿ ಏರಿದ್ರೂ ಆ ಎದೆ ತಡ್ಯಲ್ಲ."

ಮಾರನೆಯ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಭಾಗ್ಯಶ್ರೀ ಎದುರು ಬಂದು ಕೂತಳು. "ಏನಂದ್ರು ಅಕ್ಕಾ?"

"ಆಪರೇಷನ್ ಬೇಡ್ವಂತೆ ಕಣೆ. ಮಾತ್ರೇಲೇ ವಾಸಿ ಆಗತ್ತಂತೆ. ನಿನ್ನ ಹೆಸ್ರೇ ಬರ್ಲಿಲ್ಲ."

ಭಾಗ್ಯಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವಂತೆ. ಆಮೇಲೆ ಕಣ್ಣೊರೆಸಿಕೊಂಡು, ಎಷ್ಟೋ ದಿನದಿಂದ ಹಸಿವಿದ್ದವಳಂತೆ ಊಟಕ್ಕೆ ಕೂತಳು. ಅವಳು ಹಾಗೆ ತಿನ್ನುವುದನ್ನು ಕಂಡು ಧನಲಕ್ಷ್ಮಿಗೆ ನಿಜಕ್ಕೂ ಸಂತೋಷವಾಯಿತು, ಅದರ ಹಿಂದೆಯೇ ಹೊಟ್ಟೆಯುರಿಯೂ ಆಯಿತು.

ತಟ್ಟೆ ಹಿಡಿದು ಧನಲಕ್ಷ್ಮಿ ಬಡಿಸುವವನ ಹತ್ತಿರ ಹೋಗಿ ಅನ್ನ ಹಾಕಿಸಿಕೊಂಡು ಬಂದಳು. ಅದು ಮುಗಿದ ಮೇಲೆ ಇನ್ನೊಮ್ಮೆ.

"ಅಕ್ಕಾ, ಅನ್ನ ಬಿಟ್ಟಿದ್ರಲ್ರೀ?"

"ಹಸಿವು ಕಣೆ."

ಹಸಿವೇನೂ ಇರಲಿಲ್ಲ. ಇನ್ನೂ ಹತ್ತು ಕೇಜಿ ಬೇಕಾಗಿತ್ತು. ತುತ್ತು ತುತ್ತಿಗೂ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತ ಧನಲಕ್ಷ್ಮಿ ತಟ್ಟೆ ಖಾಲಿ ಮಾಡಿದಳು, ಮೇಜು ಹಿಡಿದುಕೊಂಡು ಮತ್ತೆ ಎದ್ದಳು.