ಶಂಕರಿಯ ಮೂವತ್ತು ಕಿಲೋ

"ಎಂತ ಶಂಕರಿಯಕ್ಕ, ಸಹಸ್ರನಾಮವಾ? ಬಸ್ಸಿನಲ್ಲಿ ಕೂಡ ಬಿಡುವುದಿಲ್ಲವಾ ನೀವು?"

ಹಿಂದಿನ ಸೀಟಿನಿಂದ ಕಿಟ್ಟಣ್ಣ ಕೇಳಿದಾಗ ಶಂಕರಿಯ ತುಟಿಗಳು ನಿಂತವು. ಅಂಗೈಯಗಲದ ಪುಸ್ತಕವನ್ನು ಅವಳು ಮೆಲ್ಲಗೆ ಸೆರಗಿನಡಿಗೆ ಸರಿಸಿದಳು. ಬಸ್ಸು ಮುಳ್ಳೇರಿಯ ದಾಟಿ ಕಾಸರಗೋಡಿನ ಕಡೆಗೆ ಇಳಿಯುತ್ತಿತ್ತು. ಕಿಟಕಿಯಲ್ಲಿ ಗೇರುಗುಡ್ಡೆಗಳು ಎಳೆಬಿಸಿಲು ಹೊದ್ದುಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದವು. ಈ ರಸ್ತೆ ಎಲ್ಲಿಗೆ ಹೋಗುತ್ತದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಕಿಟಕಿ ಇರುವ ಕೋಣೆ ಬೇಕು. ಅವಳು ಜಪಿಸುತ್ತಿದ್ದದ್ದು ಇವನ್ನು, ಅದೂ ಚೀನೀ ಭಾಷೆಯಲ್ಲಿ.

"ಜಪವೇ ಅಂತ ಹೇಳು," ಎಂದ ಕಿಟ್ಟಣ್ಣನ ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಈಶ್ವರಪ್ರಸಾದ. "ದೋಸೆ ಹೊಯ್ಯುವಾಗ ಚೀನ, ಬಟ್ಟೆ ಒಗೆಯುವಾಗ ಚೀನ. ನಮ್ಮ ದನಕ್ಕೂ ಸ್ವಲ್ಪ ಸ್ವಲ್ಪ ಅರ್ಥ ಆಗ್ಲಿಕ್ಕೆ ಶುರುವಾಗಿದೆ."

ಗಂಡಸರಿಬ್ಬರೂ ನಕ್ಕರು. ಕಿಟ್ಟಣ್ಣನದು ಮುಳ್ಳೇರಿಯ ಪೇಟೆಯಲ್ಲಿ ಚಹಾದಂಗಡಿ. ಅದರ ಪಕ್ಕದಲ್ಲೇ ಈಶ್ವರಪ್ರಸಾದನ ಫ್ಯಾನ್ಸಿ ಅಂಗಡಿ. ಮೊಬೈಲಿನ ಕವರು, ತಲೆಯ ಕ್ಲಿಪ್ಪು, ಮಿಣಮಿಣ ದೀಪದ ಸರ ತರಲಿಕ್ಕೆಂದು ಅವನು ವರ್ಷಕ್ಕೊಮ್ಮೆ ಕೊಚ್ಚಿಯಿಂದ ವ್ಯಾಪಾರಿಗಳ ಗುಂಪಿನೊಡನೆ ಗ್ವಾಂಗ್‌ಝೌ ನಗರಕ್ಕೆ ಹೋಗಿಬರುತ್ತಿದ್ದ. "ಈ ಸಲ ನೀನೂ ಬಾ," ಎಂದು ಊಟ ಮುಗಿಸಿ ಕೈ ತೊಳೆಯುತ್ತ ಅವನು ಹೇಳಿದ ದಿನ ಶಂಕರಿ ಮಜ್ಜಿಗೆಯ ಪಾತ್ರೆ ಹಿಡಿದು ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಮಧೂರಿನ ದೇವಸ್ಥಾನಕ್ಕಾದರೂ ಇಬ್ಬರೇ ಹೋದದ್ದು ಮದುವೆಯ ಹೊಸತರಲ್ಲಿ ಒಮ್ಮೆ ಮಾತ್ರ.

ಪುಸ್ತಕ ಕಳಿಸಿಕೊಟ್ಟವಳು ಕಲ್ಲಿಕೋಟೆಯಲ್ಲಿ ಓದುವ ಮಗಳು ದೀಪಶ್ರೀ. ಯಾತ್ರಿಕರಿಗೆ ಬೇಕಾಗುವ ಚೀನೀ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದು ಮಲಯಾಳದಲ್ಲೇ ಅರ್ಥ ಕೊಟ್ಟಿದ್ದರು. ಕನ್ನಡ ಶಾಲೆಯಲ್ಲಿ ಕಲಿತ ಶಂಕರಿಗೆ ಆ ಲಿಪಿ ಗೊತ್ತಿದ್ದದ್ದು ಬಸ್ಸಿನ ಬೋರ್ಡುಗಳಿಂದ, ರೇಶನ್ ಅಂಗಡಿಯ ಹಲಗೆಯಿಂದ. ಒಂದೊಂದೇ ಅಕ್ಷರ ಕೂಡಿಸಿ, ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಂಡು ಬಾಯಿಗೆ ತಂದುಕೊಂಡಳು. ಅಷ್ಟು ಸುತ್ತು ಬಳಸಿ ಬಂದ ಮಾತು ನಾಲಿಗೆಯ ಮೇಲೆ ಕಲ್ಲುಸಕ್ಕರೆಯ ಹಾಗೆ ನಿಧಾನವಾಗಿ ಕರಗುತ್ತಿತ್ತು. ಆ ಭಾಷೆಯಲ್ಲಿ ಅವಳನ್ನು ಇನ್ನೂ ಯಾರೂ ಬೈದಿರಲಿಲ್ಲ. ಉಪ್ಪು ಹೆಚ್ಚಾಯಿತು ಎಂದಿರಲಿಲ್ಲ. ನಿನಗೆಂತ ಗೊತ್ತು ಎಂದಿರಲಿಲ್ಲ.

ಪುಸ್ತಕದ ಯಾತ್ರಿಕನಿಗಾದರೋ ಸಂಕೋಚವೆಂಬುದೇ ಇರಲಿಲ್ಲ. ವೊ ಯಾವ್, ವೊ ಯಾವ್ ಎಂದು ಪುಟಪುಟಕ್ಕೂ ಕೇಳುತ್ತಿದ್ದ. ನನಗೆ ಬೇಕು. ಚಹಾ ಬೇಕು, ಇನ್ನೊಂದು ದಿಂಬು ಬೇಕು, ದೋಣಿಯಲ್ಲಿ ಹೋಗಬೇಕು. ಬಟ್ಟಲಲ್ಲಿ ಉಳಿದದ್ದನ್ನು ಬಳಿದು ಊಟ ಮುಗಿಸುವ ಶಂಕರಿ ಇವನನ್ನು ಮೊದಮೊದಲು ಬೆರಗಿನಿಂದ ನೋಡಿದಳು. ಆಮೇಲೆ ಅವನ ಜೊತೆಗೇ ನಡೆಯತೊಡಗಿದಳು. ಮಧ್ಯಾಹ್ನ ಅಡ್ಡಾದಾಗ ಕಣ್ಣೊಳಗೆ ಒಂದು ಅಗಲವಾದ ನದಿ, ದಡದಲ್ಲಿ ಹೆಸರು ಗೊತ್ತಿಲ್ಲದ ಮರಗಳು. ಅತ್ತಿಗೇ ಎಂದು, ಅಮ್ಮಾ ಎಂದು ಕೂಗುವವರಿಲ್ಲ. ಯಾರೋ ಹಣ್ಣು ಮಾರುತ್ತಾರೆ. ಬೇಡ ಎಂದು ಹೇಳಿ ಅವಳು ಮುಂದೆ ಹೋಗುತ್ತಾಳೆ.

ತಿರುವಿನಲ್ಲಿ ಬಸ್ಸು ಓಲಿತು. ಹಿಂದೆ ನಿಲ್ಲಿಸಿದ್ದ ದೊಡ್ಡ ಸೂಟ್‌ಕೇಸೊಂದು ಜಾರಿ ಬಂತು. ಕಿಟ್ಟಣ್ಣ ಅದನ್ನು ತಡೆದು ಎತ್ತಿ ನೋಡಿದ.

"ಇದರೊಳಗೆ ಎಂತ ಇಲ್ಲವಲ್ಲ ಮಾರಾಯ! ಖಾಲಿ ಪೆಟ್ಟಿಗೆ ಹೊತ್ತುಕೊಂಡು ಚೀನಕ್ಕಾ?"

"ಬರುವಾಗ ತುಂಬುತ್ತದೆ. ವಿಮಾನದಲ್ಲಿ ಒಂದು ಟಿಕೆಟಿಗೆ ಮೂವತ್ತು ಕಿಲೋ ಬಿಡ್ತಾರೆ. ಇವಳೂ ಬಂದರೆ ಇನ್ನೂ ಮೂವತ್ತು. ಹಡಗಿನಲ್ಲಿ ಹಾಕಿದರೆ ಮಾಲು ಬರುವಾಗ ಹಬ್ಬದ ವ್ಯಾಪಾರ ಮುಗಿದಿರ್ತದೆ."

"ಅದಕ್ಕಾ ಅಕ್ಕನನ್ನು ಕರ್ಕೊಂಡು ಹೋಗುವುದು? ನಾನು ಎಂತೆಂತದೋ ಗ್ರಹಿಸಿದೆ." ಕಿಟ್ಟಣ್ಣ ಮುಂದಕ್ಕೆ ಬಾಗಿದ. "ಕೇಳಿತಾ ಅಕ್ಕ? ನೀವು ಮೂವತ್ತು ಕಿಲೋವಂತೆ."

"ಕೇಳಿತು," ಎಂದಳು ಶಂಕರಿ. ತಿರುಗಿ ನೋಡಲಿಲ್ಲ. ಎರಡು ಸೀರೆ ಸಾಕು, ಹೆಚ್ಚು ಎಂತದೂ ತುಂಬಿಸಬೇಡ ಎಂದು ಗಂಡ ನಿನ್ನೆ ಹೇಳಿದ್ದು ಯಾಕೆಂದು ಈಗ ತಿಳಿಯಿತು. ಕಿಟಕಿಯ ಹೊರಗೆ ಗುಡ್ಡೆಗಳು ಮೊದಲಿನ ಹಾಗೆಯೇ ಸರಿಯುತ್ತಿದ್ದವು. ಒಳಗಿನ ನದಿ ಮಾತ್ರ ನಿಂತುಹೋಗಿತ್ತು.

ಕಾಸರಗೋಡಿನಲ್ಲಿ ಕಿಟ್ಟಣ್ಣ ಇಳಿದು ಹೋದ. ಕೊಚ್ಚಿಯ ಕಡೆಗೆ ಹೋಗುವ ರೈಲಿನಲ್ಲಿ ಗಂಡ ಹೆಂಡತಿ ಎದುರುಬದುರು ಕಿಟಕಿ ಹಿಡಿದು ಕೂತರು. ಸೂಟ್‌ಕೇಸುಗಳನ್ನು ಸೀಟಿನಡಿಗೆ ದೂಡಿದ ಮೇಲೆ ಈಶ್ವರಪ್ರಸಾದ ಖುಷಿಯಲ್ಲಿದ್ದ.

"ಅಲ್ಲಿ ನಿನಗೆ ಎಂತ ಕಷ್ಟ ಇಲ್ಲ. ಭಾಷೆಗೆ ನಮ್ಮ ಏಜೆಂಟ್ ಇದ್ದಾನೆ, ಪಯ್ಯನ್ನೂರಿನವ. ಕೋಣೆಗೆ ಅನ್ನ ಸಾರು ಬರ್ತದೆ. ಇರುವ ಐದು ದಿನ ನೀನು ಮಾಲು ನೋಡಿಕೊಂಡು ಕೂತರಾಯಿತು."

"ಕೋಣೆಯಲ್ಲಿಯಾ?"

"ಮತ್ತೆ ಮಾಲು ಬೀದಿಯಲ್ಲಿ ಇಡ್ತಾರಾ?"

"ಐದು ದಿನವೂ?"

ಅವನು ನೆಲಗಡಲೆಯ ಪೊಟ್ಟಣ ಬಿಚ್ಚಿದ. ರೈಲು ಚಂದ್ರಗಿರಿಯ ಸೇತುವೆಗೆ ಏರಿತು. ಕೆಳಗೆ ಹೊಳೆ ಹೊಳೆಯುತ್ತ ಸಮುದ್ರದ ಕಡೆಗೆ ಬಿಚ್ಚಿಕೊಂಡಿತ್ತು; ಒಂದು ದೋಣಿ, ಅದರಲ್ಲಿ ಯಾರೋ ಒಬ್ಬಂಟಿ, ಹುಟ್ಟು ಹಾಕದೆ ಸುಮ್ಮನೆ ಕೂತಿದ್ದರು. ಶಂಕರಿ ಆ ದೋಣಿ ಕಣ್ಣಿಂದ ಮರೆಯಾಗುವವರೆಗೆ ನೋಡಿದಳು.

"ಕೇಳಿತಾ, ಆ ಮೂವತ್ತು ಕಿಲೋ ಯಾರ ಹೆಸರಿಗೆ ಸಿಗುವುದು?"

"ಟಿಕೆಟ್ ಯಾರದೋ ಅವರಿಗೆ. ನಿನ್ನ ಹೆಸರಿಗೆ."

"ಹಾಗಾದರೆ ಅದು ನನ್ನದು."

"ಆಯಿತು ಮಾರಾಯ್ತಿ, ನಿನ್ನದೇ."

"ಮಾಲು ನೀವೇ ತುಂಬಿಸಿ. ಆದರೆ ನನಗೆ ಒಂದು ದಿನ ಬೇಕು. ಬೆಳಗ್ಗಿನಿಂದ ಸಂಜೆವರೆಗೆ, ಒಬ್ಬಳೇ."

ಬಾಯಿಗೆ ಹೋಗುತ್ತಿದ್ದ ಕಡಲೆ ಅವನ ಬೆರಳಲ್ಲೇ ಉಳಿಯಿತು. "ಒಬ್ಬಳೇ ಎಲ್ಲಿಗೆ?"

"ಗೊತ್ತಿಲ್ಲ. ನದಿ ಉಂಟಂತೆ."

"ನದಿ ನೋಡ್ಲಿಕ್ಕೆ ಚೀನಕ್ಕೆ ಹೋಗಬೇಕಾ? ಈಗ ಒಂದು ನೋಡಿದೆಯಲ್ಲ." ನಗಬಹುದೆಂದು ಅವಳ ಮುಖ ನೋಡಿದ. ಅವಳು ನಗಲಿಲ್ಲ. "ದಾರಿ ತಪ್ಪಿದರೆ?"

"ಕೇಳ್ತೇನೆ."

"ಅವರು ಹೇಳಿದ್ದು ನಿನಗೆ ಅರ್ಥ ಆಗಬೇಡವಾ?"

"ನಿಮ್ಮ ಮನೆಗೆ ಬಂದಾಗ ತುಳು ಬರುತ್ತಿತ್ತಾ ನನಗೆ? ತೋಟದ ಕೆಲಸದವರು ಹೇಳಿದ್ದು ಅರ್ಥ ಆಗದೆ ಯಾರೂ ಉಪವಾಸ ಬೀಳಲಿಲ್ಲ."

"ಅದೆಲ್ಲ ಆಗ್ಲಿಕ್ಕಿಲ್ಲ ಶಂಕರಿ. ಹಠ ಮಾಡಬೇಡ."

"ಹಠ ಅಲ್ಲ," ಎಂದಳು ಅವಳು, ಹಾಲು ಕಾಯಿಸಿದ್ದೇನೆ ಎನ್ನುವಷ್ಟು ಮೆಲ್ಲಗೆ. "ಆಗುವುದಿಲ್ಲವಾದರೆ ನಾನು ಕಾಞಂಗಾಡಿನಲ್ಲಿ ಇಳೀತೇನೆ. ಅಲ್ಲಿಂದ ಬಸ್ಸುಂಟು. ಸಂಜೆ ದನ ಕರೆಯುವ ಹೊತ್ತಿಗೆ ಮನೆಯಲ್ಲಿರಬಹುದು."

ಹಾಗೆ ಹೇಳಿದ ಮೇಲೆಯೇ ಅವಳಿಗೆ ಹೆದರಿಕೆಯಾದದ್ದು. ಇಳಿಯಬೇಕಾಗಿ ಬಂದರೆ? ಎರಡು ತಿಂಗಳು ಮನಸ್ಸಿನಲ್ಲಿ ಕಟ್ಟಿಕೊಂಡ ಊರು, ಹೆಸರಿಲ್ಲದ ಆ ಮರಗಳು, ಎಲ್ಲವನ್ನೂ ಇದೇ ಸೀಟಿನಲ್ಲಿ ಬಿಟ್ಟು ಹೋಗಬೇಕು. ಹೇಳಿದ್ದನ್ನು ನುಂಗಿಬಿಡಲೇ ಎನಿಸಿತು. ನುಂಗುವುದು ಅವಳಿಗೆ ಹೊಸತೇನಲ್ಲ. ಆದರೂ ಅವಳು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, ಚಪ್ಪಲಿಯೊಳಗೆ ಕಾಲು ತೂರಿಸಿ ಕೂತಳು. ಅವನು ಅವಳ ಕಾಲನ್ನು ನೋಡಿದ, ಸೂಟ್‌ಕೇಸುಗಳನ್ನು ನೋಡಿದ.

ಅಷ್ಟರಲ್ಲಿ ಕಳನಾಡಿನ ಸುರಂಗ ಬಂತು. ಒಮ್ಮೆಲೇ ಕತ್ತಲೆ. ಹಸಿಮಣ್ಣಿನ ತಣ್ಣನೆ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿತು. ಡಬ್ಬಿಯ ಮಕ್ಕಳೆಲ್ಲ ಯಾವಾಗಲೂ ಮಾಡುವಂತೆ 'ಕೂ' ಎಂದು ಅರಚಿದರು, ಗೋಡೆಗಳು ಆ ಕೂಗನ್ನು ಹತ್ತುಪಟ್ಟು ಮಾಡಿ ತಿರುಗಿಸಿ ಕೊಟ್ಟವು. ಶಂಕರಿ ಕಿಟಕಿಯ ಸರಳುಗಳಿಗೆ ಹಣೆ ಒತ್ತಿದಳು. ಗಂಟಲು ತಾನಾಗಿಯೇ ತೆರೆಯಿತು.

"ವೊ ಯಾ...ವ್!"

ಅವಳ ಸ್ವರ ಮಕ್ಕಳ ಸ್ವರದೊಳಗೆ ಸೇರಿ ಕತ್ತಲೆಯುದ್ದಕ್ಕೂ ಓಡಿತು. ಮತ್ತೊಮ್ಮೆ ಕೂಗಿದಳು. ಉಸಿರು ಮುಗಿಯುವವರೆಗೆ ಕೂಗಿದಳು.

ಬೆಳಕು ಬಂದಾಗ ಜಡೆಯಿಂದ ಬಿಡಿಸಿಕೊಂಡ ಕೂದಲು ಮುಖದ ಮೇಲೆಲ್ಲ ಹರಡಿತ್ತು. ಈಶ್ವರಪ್ರಸಾದ ಆಚೆ ಸೀಟಿನಲ್ಲಿ ತಾಯಿಗೆ ಒರಗಿದ್ದ ಪುಟ್ಟ ಹುಡುಗಿಯನ್ನು, ಕೂಗಿದ್ದು ಅವಳೇ ಎಂಬಂತೆ, ಗುರಾಯಿಸುತ್ತಿದ್ದ. ಆ ಹುಡುಗಿ ಮಾತ್ರ ಕಣ್ಣರಳಿಸಿ ಶಂಕರಿಯನ್ನೇ ನೋಡುತ್ತಿದ್ದಳು.

ಕಾಞಂಗಾಡು ಹತ್ತಿರವಾಗುತ್ತಿತ್ತು. ಅವನು ಕಡಲೆಯ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಕಾಗದದಲ್ಲಿ ಮಡಿಚಿದ. ಕೊನೆಗೆ ಹೊರಗೆ ನೋಡುತ್ತಲೇ ಕೇಳಿದ:

"ಅಲ್ಲಿ ಈಗ ಮಳೆಯಂತೆ. ನೀನು ಕೊಡೆ ತಂದಿದ್ದೀಯಾ?"

ಶಂಕರಿ ಇಲ್ಲವೆಂದು ತಲೆಯಾಡಿಸಿದಳು, ಚಪ್ಪಲಿಯಿಂದ ಕಾಲು ಹೊರಗೆಳೆದುಕೊಂಡಳು. ಕೂದಲನ್ನು ಕಟ್ಟಲು ಎತ್ತಿದ ಕೈ ಹಾಗೆಯೇ ಇಳಿಯಿತು. ತೆಂಗಿನ ಮರಗಳ ಸಂದಿನಲ್ಲಿ ಸಮುದ್ರ ಕಂಡಿತು, ಮರೆಯಾಯಿತು, ಮುಂದಿನ ಸಂದಿನಲ್ಲಿ ಮತ್ತೆ ಕಂಡಿತು.