ಹೆಸರು ಹೇಳದ ಮನೆಯ ಟೆಲಿಫೋನು

ಹಿರಿಯಾಕೆ ಸೈರಾಕಾನ್ ಅಪಾ ಅವರ ಮನೆಗೆ ನಾನು ಹೋದದ್ದು ಫೆಬ್ರವರಿಯ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಗೆ. ಹಿಂದಿನ ವಾರವೇ ನಮ್ಮ ನರೀನ್ ಊರಿನಲ್ಲಿ ತಾಮ್ರದ ತಂತಿಯ ಟೆಲಿಫೋನುಗಳನ್ನು ನಿಲ್ಲಿಸಿಯಾಗಿತ್ತು. ಇನ್ನು ಮುಂದೆ ಎಲ್ಲರ ಹಳೆಯ ನಂಬರೂ ಇಂಟರ್ನೆಟ್ ಪೆಟ್ಟಿಗೆಯ ಮೂಲಕವೇ ಬರಬೇಕು. ಪೆಟ್ಟಿಗೆ ಮನೆಮನೆಗೆ ತಲುಪಿತ್ತು, ಅದರೊಳಗೆ ಫೋನು ಕೂರಿಸುವ ಕೆಲಸ ನನ್ನದು. ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸಿದವಳಿಗೆ ಇದೇನು ದೊಡ್ಡದಲ್ಲ. ಒಂದು ಮನೆಗೆ ಅರ್ಧ ಗಂಟೆ, ಚಹಾ ಸೇರಿದರೆ ಒಂದು ಗಂಟೆ.

ಬಾಗಿಲು ತೆಗೆದದ್ದು ಸೊಸೆ ಮೇರಿಮ್. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು, ಕಣ್ಣು ಕೆಂಪಾಗಿತ್ತು. ಊರಿನ ಹುಡುಗಿಯರಿಗೆಲ್ಲ ನಾನು ಎಜೆ, ಅಂದರೆ ಅಕ್ಕ.

"ಬನ್ನಿ ಬುರುಲ್ ಎಜೆ. ಹನ್ನೆರಡರೊಳಗೆ ಆಗತ್ತಲ್ವಾ?"

"ಒಳಗೆ ಬರೋಕೆ ಮುಂಚೇನೇ ಕಳಿಸೋ ಮಾತಾಡ್ತೀಯಲ್ಲೇ. ಏನಿದೆ ಹನ್ನೆರಡಕ್ಕೆ?"

ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ಮಗನ ಜೀವ ಇದೆ. ಬೂಟು ಬಿಚ್ಚಿ ಬೇಗ ಬಾ."

ಅಪಾ ಒಲೆಯ ಪಕ್ಕ ಕೂತಿದ್ದರು. ವಿಷಯ ಅವರೇ ಹೇಳಿದರು. ಮಗ ಜೆಕ್ಷೆನ್, ಕಣಿವೆಯ ಮೇಲಿನ ಹವಾಮಾನ ಠಾಣೆಯಲ್ಲಿ ಚಳಿಗಾಲವೆಲ್ಲ ಇರುತ್ತಾನೆ, ಜೊತೆಗೊಬ್ಬ ಸಂಗಡಿಗ. ಅಲ್ಲಿ ಮೊಬೈಲು ಹಿಡಿಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅವನ ರೇಡಿಯೋವನ್ನು ಕೆಳಗಿನ ಕೇಂದ್ರದವರು ಮನೆಯ ಟೆಲಿಫೋನಿಗೆ ಜೋಡಿಸಿಕೊಡುತ್ತಾರೆ, ಹತ್ತು ನಿಮಿಷ. ಕೇಂದ್ರದ ಆ ಹಳೆಯ ಯಂತ್ರಕ್ಕೆ ಊರಿನ ನಂಬರು ಬಿಟ್ಟರೆ ಮೊಬೈಲು ಎಂಬುದೇ ಗೊತ್ತಿಲ್ಲ. ಕಳೆದ ಶುಕ್ರವಾರ ಫೋನು ಬಡಿದುಕೊಳ್ಳಲಿಲ್ಲ.

"ಮನೇಲಿ ಎಲ್ಲಾ ಚೆನ್ನಾಗಿದ್ದಾರೆ ಅಂತ ಕೇಂದ್ರದವರ ಕೈಲಿ ಹೇಳಿಸಬಹುದಿತ್ತಲ್ಲ ಅಪಾ."

"ಹೇಳಿಸಿದ್ವಿ," ಎಂದಳು ಮೇರಿಮ್. "ಅದೇ ಎಡವಟ್ಟಾಗಿದ್ದು. ಶರತ್ಕಾಲದಲ್ಲಿ ಮಾವ, ನಮ್ಮ ಆತಾ, ತೀರಿಕೊಂಡಾಗ್ಲೂ ಇವರಿಗೆ ಹಾಗೇ ಅಲ್ವಾ ಹೇಳಿದ್ದು? 'ಎಲ್ಲಾ ಚೆನ್ನಾಗಿದೆ, ನಿಮ್ಮಪ್ಪಂಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು' ಅಂತ."

ಅರ್ಥವಾಯಿತು. ಸಾವನ್ನು ನಾವು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಎಲ್ಲ ಚೆನ್ನಾಗಿದೆ ಎಂದು ಬೇರೆಯವರು ಬಾಯಿ ತುಂಬ ಹೇಳಿದರೆ ಅದನ್ನು ಕೇಳಿದವನು ಗೋರಿ ಅಗೆಯುವ ಗುದ್ದಲಿಯನ್ನೇ ನೆನೆಯುತ್ತಾನೆ.

"ಈ ಶುಕ್ರವಾರನೂ ಅಮ್ಮನ ದನಿ ಕೇಳಿಸದೆ ಇದ್ರೆ ಸ್ಕೀ ಕಟ್ಟಿಕೊಂಡು ಇಳಿದುಬಿಡ್ತೀನಿ ಅಂದಿದ್ದಾನಂತೆ," ಎಂದರು ಅಪಾ. "ಇಳಿದೇ ಇಳೀತಾನೆ. ಅವರಪ್ಪನ ಹಠ. ಮೊನ್ನೆ ಆ ಇಳಿಜಾರಲ್ಲಿ ಎರಡು ಸಲ ಹಿಮ ಕುಸಿದಿದೆ."

ಹೆಚ್ಚು ಮಾತಾಡದೆ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಮೇರಿಮ್ ಅತಿಥಿಗಳನ್ನು ಕೂರಿಸುವ ಗೌರವದ ಮೂಲೆಗೆ ಹೋಗಿ, ಸಂದೂಕದ ಮೇಲೆ ಪೇರಿಸಿದ್ದ ರಜಾಯಿಗಳ ನಡುವೆ ಕೈ ಹಾಕಿ, ಕಸೂತಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದಳು. ದೀಪಗಳು ಬಟ್ಟೆಯೊಳಗಿಂದಲೇ ಮಿಣುಕುತ್ತಿದ್ದವು.

"ಇದೇನು ಪೆಟ್ಟಿಗೇನಾ, ಮದುಮಗಳಾ?"

"ಹೊಸ ಸಾಮಾನು ಎಜೆ. ಧೂಳು ಕೂರಬಾರದು ಅಂತ."

"ಅದಕ್ಕೂ ಉಸಿರಾಡಬೇಕು ಕಣೆ. ಮುಟ್ಟಿ ನೋಡು, ಜ್ವರ ಬಂದಿದೆ."

ಪೆಟ್ಟಿಗೆಯನ್ನು ಕಿಟಕಿಯ ಹಲಗೆಯ ಮೇಲಿಟ್ಟು ಆರಲು ಬಿಟ್ಟೆ. ಅಷ್ಟರಲ್ಲಿ ಟೆಲಿಫೋನ್ ನೋಡಿದೆ. ಬೆರಳಿಟ್ಟು ತಿರುಗಿಸುವ ಕೆಂಪು ಫೋನು, ಎತ್ತಿದರೆ ಕಬ್ಬಿಣದ ತೂಕ. ಅದರ ತಂತಿಯನ್ನು ಇಂಟರ್ನೆಟ್ಟಿನ ತೂತಿಗೆ ಚುಚ್ಚಿದ್ದರು. ಕಿತ್ತು ಫೋನಿನ ತೂತಿಗೆ ಹಾಕಿದೆ. ನನ್ನ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ ಅದರ ಒಳಪುಟ ತೆರೆದೆ. ಟೆಲಿಫೋನ್ ಎಂಬಲ್ಲಿ ನಾಲ್ಕೇ ಖಾನೆ ತುಂಬಬೇಕು. ಕಚೇರಿಯ ಸರ್ವರಿನ ವಿಳಾಸ ನನಗೆ ಬಾಯಿಪಾಠ. ಮನೆಯ ಫೋನ್ ನಂಬರು ಗೊತ್ತೇ ಇದೆ. ಹಳೆಯ ತಿರುಗಣಿ ಫೋನು ಎಂಬ ಕಡೆ ಗುರುತು ಹಾಕಿದೆ. ಉಳಿದದ್ದು ಪಾಸ್‌ವರ್ಡು.

"ಚೀಟಿ ಕೊಡಮ್ಮ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸೆಪ್ಟೆಂಬರಿನಲ್ಲಿ ಮನೆಯ ಯಜಮಾನರೇ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಪಾಸ್‌ವರ್ಡು ಬರೆಸಿ, ಚೀಟಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಮೈ ತೊಳೆದವರಿಗೆ ಬಟ್ಟೆಬರೆ ಹಂಚಿದಾಗ ಕೋಟೂ ಹೋಯಿತು, ಚೀಟಿಯೂ ಹೋಯಿತು.

"ಆದ್ರೆ ನಾನು ಆವತ್ತೇ ನೋಡಿ ಬರೆದಿಟ್ಕೊಂಡಿದ್ದೆ," ಎಂದು ಮೇರಿಮ್ ಅಡುಗೆಮನೆಯ ನೋಟ್‌ಬುಕ್ಕು ತಂದಳು. ಉಪ್ಪಿನಕಾಯಿಯ ಅಳತೆಯ ಕೆಳಗೆ, ಲ್ಯಾಟಿನ್ ಅಕ್ಷರದಲ್ಲಿ, ದುಂಡಗೆ ಬರೆದಿತ್ತು: ata1946.

ಹಾಕಿದೆ. ಪುಟ ಸ್ವಲ್ಪ ಯೋಚಿಸಿ 'ನೋಂದಣಿ ಆಗಲಿಲ್ಲ' ಎಂದಿತು. ಮೊದಲಕ್ಷರ ದೊಡ್ಡದು ಮಾಡಿ ಹಾಕಿದೆ. ಇಲ್ಲ. ಪೆಟ್ಟಿಗೆಯನ್ನು ಆರಿಸಿ, ಹತ್ತಿಸಿ, ಮೂರನೆಯ ಸಲ ಹಾಕಿದೆ. ಆಗಲೂ ಇಲ್ಲ. ಮೊಬೈಲಿನಲ್ಲಿ ಕಚೇರಿಗೆ ಫೋನು ಮಾಡಿದೆ.

"ಪಾಸ್‌ವರ್ಡೇ ತಪ್ಪು ಎಜೆ," ಎಂದಳು ಅಲ್ಲಿನ ಹುಡುಗಿ. "ಐದು ಸಲ ತಪ್ಪಿದ್ರೆ ನಾಳೆವರೆಗೂ ಮುಚ್ಕೊಳತ್ತೆ. ನಿಮಗಿನ್ನು ಎರಡೇ ಸಲ."

"ಬದಲಾಯಿಸಿ ಕೊಡೇ."

"ಚಂದಾದಾರರೇ ಗುರುತಿನ ಚೀಟಿ ಹಿಡ್ಕೊಂಡು ಬರಬೇಕು."

"ಅವರು ಗುಡ್ಡದ ಮೇಲೆ ಮಣ್ಣೊಳಗೆ ಮಲಗಿದ್ದಾರೆ."

"ಹಾಗಾದ್ರೆ ವಾರಸುದಾರರ ಪತ್ರ ಬೇಕು. ಅದು ಆರು ತಿಂಗಳ ಮೇಲೇನೇ ಆಗೋದು."

ಗಂಟೆ ಹನ್ನೊಂದು ಇಪ್ಪತ್ತು. ಮೇರಿಮ್ ಚಹಾ ಬಗ್ಗಿಸಿ, ಹಿಟ್ಟಿನ ತುಂಡು ಕರಿದ ಬೋರ್ಸೋಕನ್ನು ಮುಂದೆ ಸುರಿದಳು. ಯಾರೂ ಮುಟ್ಟಲಿಲ್ಲ. ನಾನು ಸುಮ್ಮನೆ ನೋಟ್‌ಬುಕ್ಕಿನ ಹಾಳೆ ತಿರುವಿದೆ. ಹಿಂದಿನ ಪುಟದಲ್ಲಿ ನೆಂಟರ ಫೋನ್ ನಂಬರುಗಳಿದ್ದವು. ತವರಿನವರ ಹೆಸರು ನೆಟ್ಟಗಿತ್ತು. ಗಂಡನ ಕಡೆಯವರದು ಹೀಗಿತ್ತು: ದೊಡ್ಡ ಮೀಸೆ, ಬಿಳಿ ಹುಡುಗ, ಕುದುರೆ ಪಳಗಿಸೋರು, ಆಚೆ ದಡದ ಅತ್ತಿಗೆ.

ನನಗೆ ನಗು ಬಂತು. ನನ್ನ ಮೈದುನನನ್ನು ನಾನು 'ಸಕ್ಕರೆ ಹುಡುಗ' ಎಂದೇ ಕರೆದವಳು, ಅವನಿಗೆ ಪಿಂಚಣಿ ಬರುವ ತನಕ. ಗಂಡನ ಮನೆಯವರ ಹೆಸರನ್ನು ಸೊಸೆಯ ಬಾಯಿ ಎತ್ತಬಾರದು. ಕೆಲವರ ಕೈಯೂ ಎತ್ತುವುದಿಲ್ಲ.

"ಮೇರಿಮ್, ನಿಜ ಹೇಳು. ಆ ಚೀಟಿಯಲ್ಲಿ 'ಆತಾ' ಅಂತಾನೇ ಇತ್ತಾ?"

ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಎಜೆ... ಇಲ್ಲ. ಅವರ... ಅವರದೇ ಇತ್ತು. ಬರೆಯೋವಾಗ ಕೈ ತಾನಾಗೇ, ನಾನು ಕರೆಯೋ ಹಾಗೆ, ಆತಾ ಅಂತ ಬರೆದುಬಿಡ್ತು. ನನಗೆ ನೆನಪೂ ಇಲ್ಲ ನೋಡಿ!"

"ಹೇಳು ಮತ್ತೆ, ಏನು ಹೆಸರು?"

ಅವಳು ತಲೆ ತಗ್ಗಿಸಿದಳು. ನನಗೂ ಅದು ಗೊತ್ತಿರಲಿಲ್ಲ. ಊರಿಗೆಲ್ಲ ಅವರು ಮೇಷ್ಟ್ರು. ನನ್ನ ಕೆಲಸದ ಹಾಳೆಯಲ್ಲೂ ಕಚೇರಿಯ ದಾಖಲೆಯಲ್ಲೂ 'ಟಿ.' ಎಂಬ ಒಂದೇ ಅಕ್ಷರ, ಆಮೇಲೆ ಅವರ ತಾತನಿಂದ ಬಂದ ಮನೆತನದ ಹೆಸರು. ಮರಣ ಪತ್ರ, ಹಳೆಯ ಕಾಗದಗಳೆಲ್ಲ ವಾರಸಿನ ಕೆಲಸಕ್ಕೆಂದು ಬಿಷ್ಕೆಕ್‌ನ ವಕೀಲರ ಬಳಿ ಇದ್ದವು. ವಕೀಲರಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ.

"ಬಾಯಲ್ಲಿ ಬೇಡಮ್ಮ, ಇಲ್ಲಿ ಒತ್ತು." ಲ್ಯಾಪ್‌ಟಾಪನ್ನು ಅವಳತ್ತ ತಳ್ಳಿದೆ.

"ಅಪಾ ಎದುರಿಗೆ ಹೇಗೆ ಎಜೆ?"

"ನಾನು ಹೊರಗೆ ಹೋಗ್ತೀನಿ," ಎಂದು ಅಪಾ ಏಳಹೊರಟರು. "ನಿನ್ನ ಗಂಡ ಕಣೆ ಅಲ್ಲಿರೋದು. ನಾನು ಅಪ್ಪಣೆ ಕೊಟ್ಟಿದ್ದೀನಿ, ಒತ್ತು."

"ನೀವು ಹೋದ್ರೂ ಅದು ಇಲ್ಲೇ ಇದೆಯಲ್ಲ," ಎಂದು ಮೇರಿಮ್ ಗೋಡೆಯತ್ತ ನೋಡಿದಳು. ಮೊಳೆಗೆ ಯಜಮಾನರ ಬಿಳಿ ಉಣ್ಣೆಯ ಟೊಪ್ಪಿ ತೂಗುಹಾಕಿತ್ತು.

ಆದರೂ ಒತ್ತಿದಳು. ಅವಳೇನು ಹೆದರುಪುಕ್ಕಲಿಯಲ್ಲ. ಆದರೆ ಹೆಸರು ಕಣ್ಣಿಗೆ ಬೀಳಬಾರದೆಂದು ಕಣ್ಣು ಮುಚ್ಚಿಕೊಂಡು ಒತ್ತಿದಳು! ನಾನು "ತಾಳೇ" ಎನ್ನುವಷ್ಟರಲ್ಲಿ ಕೊನೆಯ ಗುಂಡಿಯೂ ಒತ್ತಿಹೋಯಿತು. ನೋಂದಣಿ ಆಗಲಿಲ್ಲ. ಉಳಿದದ್ದು ಒಂದೇ ಸಲ.

ಮೇರಿಮ್ ಅಳತೊಡಗಿದಳು. ಹನ್ನೊಂದು ಮುಕ್ಕಾಲು. ನಾನು ಎದ್ದು ಕೋಟು ಹಾಕಿಕೊಂಡೆ.

"ಎಲ್ಲಿಗೆ?" ಎಂದರು ಅಪಾ.

"ಮಸೀದಿ ಹತ್ತಿರದ ಮುಲ್ಲಾನ ಕೇಳ್ಕೊಂಡು ಬರ್ತೀನಿ. ಮಣ್ಣು ಮಾಡುವಾಗ ಪ್ರಾರ್ಥನೆ ಮಾಡಿದವನು, ಅವನಿಗೆ ಗೊತ್ತಿರತ್ತೆ. ಓಡಿ ಬಂದ್ರೆ ಹತ್ತು ನಿಮಿಷ."

"ಕೂತ್ಕೋ."

"ಅಪಾ, ಹೊತ್ತಾಗತ್ತೆ."

"ಕೂತ್ಕೋ ಅಂದೆ. ನನ್ನ ಗಂಡನ ಹೆಸರನ್ನ ಪರರ ಬಾಯಿಂದ ಈ ಮನೆಗೆ ತರಿಸಿಕೊಳ್ಳೋ ಗತಿ ಬಂದಿಲ್ಲ ನನಗೆ."

ಅವರು ಒಲೆಯ ಪಕ್ಕದಿಂದ ಎದ್ದರು. ಮೊಣಕಾಲಿನ ಮೇಲೆ ಕೈ ಊರಿ, ನಿಧಾನವಾಗಿ. ಹತ್ತೊಂಬತ್ತಕ್ಕೆ ಈ ಮನೆಗೆ ಬಂದವರು, ಈಗ ಎಪ್ಪತ್ತನಾಲ್ಕು. ಅಷ್ಟು ವರ್ಷ 'ಏನ್ರೀ', 'ಮೇಷ್ಟ್ರೇ', 'ಇವರು' ಎಂದೇ ಸಂಸಾರ ಮಾಡಿದ್ದರು. ತಲೆಯ ಬಟ್ಟೆ ಸರಿಮಾಡಿಕೊಂಡು, ಟೊಪ್ಪಿಯ ಎದುರು ನಿಂತು, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವಂತೆ ಕರೆದರು.

"ತೊಲೊಮುಶ್!"

ಒಲೆಯಲ್ಲಿ ಕಲ್ಲಿದ್ದಲು ಒಡೆದ ಸದ್ದಾಯಿತು. ಮೇರಿಮ್ ಅಳು ನಿಲ್ಲಿಸಿ ಅತ್ತೆಯನ್ನೇ ನೋಡಿದಳು.

"ಕೇಳಿಸ್ತಾ ಬುರುಲ್? ಇನ್ನೊಂದು ಸಲ ಹೇಳಲ್ಲ."

"ಕೇಳಿಸ್ತು ಅಪಾ."

ಚುಕ್ಕಿಗಳ ಬದಲು ಅಕ್ಷರ ಕಾಣುವಂತೆ ಮಾಡಿ, ಒಂದೊಂದೇ ಒತ್ತಿ, ನಾಲ್ಕು ಅಂಕಿ ಸೇರಿಸಿ, ಎರಡು ಸಲ ಓದಿದೆ. ನಂತರ ಒಪ್ಪಿಗೆಯ ಗುಂಡಿ ಒತ್ತಿದೆ. ಪುಟ ಯೋಚಿಸಿತು. ಪೆಟ್ಟಿಗೆಯ ಮೇಲೆ ಫೋನಿನ ಚಿತ್ರದ ದೀಪ ಮಿಣುಕಿ, ಹಸಿರಾಗಿ ನಿಂತಿತು. ಕೆಂಪು ಫೋನನ್ನು ಎತ್ತಿ ಮೇರಿಮ್‌ಳ ಕಿವಿಗೆ ಹಿಡಿದೆ.

"ಉಸಿರಾಡ್ತಿದೆ ಎಜೆ!"

ಹನ್ನೆರಡಾಯಿತು. ಹನ್ನೆರಡು ದಾಟಿ ಮೂರು ನಿಮಿಷ. ಅಪಾ ಫೋನಿನ ಪಕ್ಕ ಕೂತು ಒಂದು ಬೋರ್ಸೋಕನ್ನು ಚೂರುಚೂರು ಮಾಡುತ್ತಿದ್ದರು. ಆರನೆಯ ನಿಮಿಷಕ್ಕೆ ಗಂಟೆ ಬಡಿಯಿತು. ಹಳೆಯ ಕಬ್ಬಿಣದ ಗಂಟೆ, ಕಿಟಕಿಯ ಗಾಜು ಅದುರಿತು.

"ಅಮ್ಮಾ?" ದೂರದ ದನಿ, ಗರಗರ ಸದ್ದಿನ ನಡುವೆ, ಕೋಣೆಗೆಲ್ಲ ಕೇಳಿಸಿತು.

"ಸ್ಕೀ ಎಲ್ಲಿದೆಯೋ?" ಎಂದರು ಅಪಾ.

"ಬಾಗಿಲ ಹತ್ರ."

"ಕಾಲಿಗೆ ಕಟ್ಟಿದ್ದೀಯಾ?"

"ಒಂದು."

"ಬಿಚ್ಚು. ಬಿಚ್ಚಿ ಅಟ್ಟಕ್ಕೆ ಎಸಿ, ಕತ್ತೆ. ನಾನು ಚೆನ್ನಾಗಿದ್ದೀನಿ. ನಾನೇ ಹೇಳ್ತಿದ್ದೀನಿ, ಬೇರೆ ಯಾರೂ ಅಲ್ಲ."

ಆ ಕಡೆ ಸ್ಕೀ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಅವನು ಕೇಳಿದ, "ಫೋನಿಗೆ ಏನಾಗಿತ್ತಮ್ಮ?"

"ಏನಿಲ್ಲ. ನಿಮ್ಮಪ್ಪನ್ನ ಕೂಗಬೇಕಾಯ್ತು, ಅಷ್ಟೆ. ತಗೋ, ಇವಳ ಹತ್ರ ಮಾತಾಡು, ಬೆಳಿಗ್ಗೆಯಿಂದ ಒಲೆ ಹತ್ತಿಸೋದು ಬಿಟ್ಟು ಅಳ್ತಾ ಇದ್ದಾಳೆ."

ಮೇರಿಮ್ ಫೋನು ತೆಗೆದುಕೊಂಡು ಗೋಡೆಗೆ ಮುಖ ತಿರುಗಿಸಿ "ನಾನು" ಎಂದಳು. ಉಳಿದ ಎಂಟು ನಿಮಿಷ ಅವರಿಬ್ಬರದು. ನಾನು ನನ್ನ ಸಾಮಾನು ಚೀಲಕ್ಕೆ ತುಂಬಿಕೊಂಡೆ, ಆರಿಹೋದ ಚಹಾ ಕುಡಿದೆ.

ಹೊರಡುವಾಗ ನನಗೊಂದು ಯೋಚನೆ ಬಂತು. ಈಗ ಒಳಗೆ ಹೊಕ್ಕಾಗಿದೆ, ಪಾಸ್‌ವರ್ಡನ್ನು ಇಲ್ಲಿಂದಲೇ ಬದಲಾಯಿಸಬಹುದು.

"ಅಪಾ, ಸುಲಭದ್ದು ಏನಾದ್ರೂ ಇಡಲಾ? ಮನೆಯವರೆಲ್ಲ ಬಾಯಿಬಿಟ್ಟು ಹೇಳೋಕೆ ಆಗೋ ಅಂಥದ್ದು? ಹಸು, ಕುದುರೆ, ಏನಾದ್ರೂ."

ಅಪಾ ನನ್ನ ಚೀಲಕ್ಕೆ ಬೋರ್ಸೋಕ್ ಸುರಿಯುತ್ತಿದ್ದರು. ಸುರಿದು, ಚೀಲದ ಬಾಯಿ ಕಟ್ಟಿ ಕೈಗೆ ಕೊಟ್ಟರು.

"ಬೇಡ, ಅದೇ ಇರಲಿ," ಎಂದರು. "ಮುಂದೆ ಯಾವತ್ತಾದ್ರೂ ಕೆಟ್ಟರೆ ನನ್ನನ್ನೇ ಕೇಳು. ಈಗ ನನಗೆ ರೂಢಿಯಾಯ್ತು."